ಸೊಣ್ಣಪ್ಪನನ್ನು ಉಳಿಸಿಕೊಂಡ ದಿನ

ಸೊಣ್ಣಪ್ಪನಿಗೆ ಸಂತೋಷವಾದರೆ ಅಳು ಬರುತ್ತಿತ್ತು. ಈ ಒಂದು ಗುಣ ಇಲ್ಲದೆ ಹೋಗಿದ್ದರೆ ಆ ಬುಧವಾರ ಮಧ್ಯಾಹ್ನ ಅವನು ಬಂಗಾರಪೇಟೆಯಲ್ಲಿ ಹೆಂಡತಿಯ ಕೈಯ ಮುದ್ದೆ ನುಂಗುತ್ತಿದ್ದ. ಚಿನ್ನದ ಗಣಿಯಲ್ಲಿ ಒಂದು ಹೊತ್ತಿನ ಕೆಲಸವೂ ನಿಲ್ಲುತ್ತಿರಲಿಲ್ಲ.

ಯುದ್ಧ ಮುಗಿದ ಮರುವರ್ಷದ ಮಾತು. ಬೆಳಿಗ್ಗೆ ಆರೂವರೆಗೆ ಕಂಪನಿಯ ಜವಾನ ಬಂದು ತಟ್ಟಿ ಲೈನಿನ ಮನೆಯ ಬಾಗಿಲಲ್ಲಿ ಅವನಿಗೊಂದು ಕಾಗದ ಕೊಟ್ಟು ಹೋದ. ತಟ್ಟಿ ಲೈನ್ ಎಂದರೆ ಬಿದಿರು ತಟ್ಟಿಯ ಗೋಡೆಗಳ ಕೂಲಿ ಮನೆಗಳ ಸಾಲು. ಅಲ್ಲಿ ಮೊದಲನೆಯ ಮನೆಯಲ್ಲಿ ಸೀನಿದರೆ ನಾಲ್ಕನೆಯ ಮನೆಯಲ್ಲಿ ಕಷಾಯಕ್ಕೆ ನೀರಿಡುತ್ತಿದ್ದರು. ಸೊಣ್ಣಪ್ಪ ಕಾಗದ ಬಿಡಿಸಿ ಓದಿದ. ಗಣಿಯೊಳಗೆ ಆಸರೆ ಕೊಡುವ ಮರದ ದಿಮ್ಮಿಗಳನ್ನು ಎಣಿಸಿ ಇಳಿಸಿಕೊಳ್ಳುವ ಅವನನ್ನು ಬಂಗಾರಪೇಟೆ ಸ್ಟೇಷನ್ ಪಕ್ಕದ ಕಂಪನಿಯ ಮರದ ಡಿಪೋಗೆ ವರ್ಗ ಮಾಡಿದ್ದರು. ಅಂದೇ ಹೋಗಿ ಹಾಜರಾಗಬೇಕೆಂದು ಬರೆದಿತ್ತು.

ಅವನು ಎರಡು ಸಲ ಓದಿದ. ಮೂರನೆಯ ಸಲ ಓದಲು ಕಣ್ಣು ಕಾಣಿಸಲಿಲ್ಲ, ನೀರು ತುಂಬಿಬಿಟ್ಟಿತ್ತು.

ಈ ವರ್ಗಕ್ಕಾಗಿ ಅವನು ಎರಡು ವರ್ಷದಲ್ಲಿ ಹನ್ನೊಂದು ಅರ್ಜಿ ಕೊಟ್ಟಿದ್ದ. ಗಣಿಯ ಆಳದಲ್ಲಿ ಬಂಡೆ ಸಿಡಿದರೆ ಮೇಲಿನ ನೆಲ ಅದುರುವುದು ಆ ಊರಿಗೆ ಮಾಮೂಲು. ಮಾತಾಡುತ್ತಿದ್ದವರು ಒಂದು ಗಳಿಗೆ ನಿಲ್ಲಿಸಿ, ಅದುರಿದ್ದು ನಿಂತ ಮೇಲೆ ಮಾತು ಮುಂದುವರಿಸುತ್ತಿದ್ದರು. ಆದರೆ ಅವನ ಹೆಂಡತಿ ಅಶ್ವತ್ಥಮ್ಮ ಐದು ತಿಂಗಳ ಬಸುರಿಯಾಗಿದ್ದಾಗ ನೆಲ ಹಾಗೆ ಅದುರಿ, ಹಲಗೆಯ ಮೇಲಿದ್ದ ಅಂಬಲಿಯ ಗಡಿಗೆ ಅವಳ ಪಕ್ಕದಲ್ಲೇ ಬಿದ್ದು, ಅವಳಿಗೆ ತಲೆಯಿಂದ ಕಾಲಿನವರೆಗೆ ಅಭಿಷೇಕವಾಯಿತು. ಮೈ ತೊಳೆದುಕೊಂಡವಳೇ ಬಂಗಾರಪೇಟೆಯ ತವರಿಗೆ ಹೊರಟಳು. "ಅಲ್ಲಾಡ್ದೆ ಇರೋ ನೆಲದ ಮ್ಯಾಲೆ ಸಂಸಾರ ಮಾಡಾಂಗಿದ್ರೆ ನೀನೇ ಬಾ. ನಾನಂತೂ ಬರಾಕಿಲ್ಲ," ಎಂದಳು. ಅಂದಿನಿಂದ ಅವನದು ಭಾನುವಾರದ ಸಂಸಾರ. ಮಗಳು ಹುಟ್ಟಿ ನಡೆಯುವುದನ್ನೂ ಕಲಿತಿದ್ದಳು. ಅಪ್ಪನನ್ನು ಕಂಡರೆ ಮಾತ್ರ ಯಾರೋ ಸೂಜಿ ಚುಚ್ಚಲು ಬಂದ ಡಾಕ್ಟರೆಂದುಕೊಂಡು ಅಜ್ಜಿಯ ಸೆರಗಿನ ಹಿಂದೆ ಅವಿತುಕೊಳ್ಳುತ್ತಿದ್ದಳು. ಇದು ಅವನಿಗೆ ಬಹಳ ಸಂಕಟ ಕೊಡುತ್ತಿತ್ತು.

ಈಗ ಆ ಸಂಕಟ ಮುಗಿಯಿತಲ್ಲ ಎಂದು ಹೊಸಲಿನ ಮೇಲೆ ಕೂತು ಧಾರಾಳವಾಗಿ ಅತ್ತ.

ಎದುರು ಮನೆಯ ಮುನಿಗಂಗಮ್ಮ ನಲ್ಲಿಗೆ ಹೊರಟವಳು ನಿಂತಳು. ಗಂಡಸು, ಕೈಯಲ್ಲಿ ಕಂಪನಿಯ ಕಾಗದ, ಕಣ್ಣಲ್ಲಿ ನೀರು. ತಟ್ಟಿ ಲೈನಿನಲ್ಲಿ ಇದಕ್ಕೆ ಇರುವುದು ಎರಡೇ ಅರ್ಥ.

"ಕೆಲ್ಸ ತೆಗೆದ್ರಾ ಸೊಣ್ಣಪ್ಪಾ?"

"ಇಲ್ಲಕ್ಕಾ, ಬಂಗಾರಪೇಟೆಗೆ ವರ್ಗ!" ಎಂದು ಸೊಣ್ಣಪ್ಪ ಬಿಕ್ಕಿದ.

"ಅಯ್ಯೋ, ಅವ್ರ ಮನೆ ಆಳಾಗ!" ಎಂದವಳೇ ಮುನಿಗಂಗಮ್ಮ ಕೊಡವನ್ನು ಅಲ್ಲೇ ಬಿಟ್ಟು ಓಡಿದಳು. ನಲ್ಲಿಯ ಹತ್ತಿರ ನಲವತ್ತು ಜನ ಹೆಂಗಸರಿದ್ದರು. ಸೊಣ್ಣಪ್ಪ ಮುಖ ತೊಳೆದು ಟ್ರಂಕಿಗೆ ಎರಡು ಪಂಚೆ ಹಾಕುವುದರೊಳಗೆ ಸುದ್ದಿ ಮೂರು ಲೈನು ದಾಟಿ, ಗಣಿಯ ಬಾಯಿಗೆ ತಲುಪಿ, ರಾತ್ರಿ ಪಾಳಿ ಮುಗಿಸಿ ಮೇಲೆ ಬರುತ್ತಿದ್ದವರ ಕಿವಿಗೆ ಬಿತ್ತು.

ಯಾಕೆಂದರೆ ಸೊಣ್ಣಪ್ಪ ಬರೀ ಸೊಣ್ಣಪ್ಪ ಅಲ್ಲ, ಒಂದು ತಿಂಗಳಿಂದ ಕೂಲಿಕಾರರ ಸಂಘದ ಕಾರ್ಯದರ್ಶಿ.

ಅವನು ಕಾರ್ಯದರ್ಶಿಯಾಗಿದ್ದು ಅವನ ತಪ್ಪಲ್ಲ. ಸಂಘದಲ್ಲಿ ತಮಿಳರು, ತೆಲುಗರು, ಕನ್ನಡದವರು ಮೂವರೂ ಇದ್ದರು. ಯಾರ ಹೆಸರು ಎತ್ತಿದರೂ ಉಳಿದಿಬ್ಬರು ಮುಖ ತಿರುಗಿಸುತ್ತಿದ್ದರು. ಕ್ಯಾಸಂಬಳ್ಳಿಯ ಕಡೆಯ ಸೊಣ್ಣಪ್ಪ ಮಾತ್ರ ಮೂರು ಭಾಷೆಯನ್ನೂ ಒಂದೇ ಸಮನಾಗಿ ಕೆಡಿಸಿ ಮಾತಾಡುತ್ತಿದ್ದುದರಿಂದ ಮೂವರೂ ಅವನನ್ನು ತಮ್ಮವನೆಂದು ಒಪ್ಪಿದ್ದರು. ಅವನಿಗಿಂತ ಹಿಂದಿನ ಇಬ್ಬರು ಕಾರ್ಯದರ್ಶಿಗಳನ್ನು ಕಂಪನಿ ಮರ ಕಡಿಯುವ ಕಾಡುಗಳಿಗೆ ಎತ್ತಿಹಾಕಿತ್ತು. ಅವರು ಹೋದ ಮೇಲೆ ಸಂಘದ ಮೀಟಿಂಗಿಗೆ ಬರುವವರೇ ಇಲ್ಲವಾಗಿ ಚಾಪೆಗೆ ಗೆದ್ದಲು ಹಿಡಿದಿತ್ತು. ಮುಂದಾಳುಗಳನ್ನು ತನ್ನ ಒಪ್ಪಿಗೆಯಿಲ್ಲದೆ ವರ್ಗ ಮಾಡಬಾರದು ಎಂದು ಸಂಘ ಒಂದು ವರ್ಷದಿಂದ ಕೇಳುತ್ತಿತ್ತು. ಕಂಪನಿ ಕಿವುಡಾಗಿತ್ತು.

ಸಂಘದ ಅಧ್ಯಕ್ಷ ಕುಪ್ಪುಸ್ವಾಮಿ ಮೈಯೆಲ್ಲ ಬಂಡೆ ಪುಡಿ ಮೆತ್ತಿಕೊಂಡೇ ಮೂವತ್ತು ಜನರ ಜತೆ ಬಂದ.

"ತಂಬೀ, ಅಳಬೇಡ! ಮೂರನೇ ಸಲ ನಾವು ಬಿಡಲ್ಲ. ನಿನ್ನ ಅಲ್ಲಾಡಿಸೋಕೆ ಯಾವ ದೊರೆಯಿಂದ್ಲೂ ಆಗಲ್ಲ!"

"ಅಣ್ಣಾ, ನಾನು ಓಗ್ತೀನಿ. ನಂಗೇನೂ ಬೇಜಾರಿಲ್ಲ. ನಿಜವಾಗ್ಲೂ ಇಷ್ಟ ಅಣ್ಣಾ..."

ಕುಪ್ಪುಸ್ವಾಮಿ ಜನರ ಕಡೆ ತಿರುಗಿದ. "ಕೇಳಿದ್ರಾ? ನಮಗೆ ತೊಂದರೆ ಆಗಬಾರದು ಅಂತ ತಾನೇ ಹೋಗ್ತೀನಿ ಅಂತಾನೆ. ಇಂಥಾ ಮನುಷ್ಯನ್ನ ಬಿಟ್ಟುಕೊಟ್ರೆ ನಾವು ಮನುಷ್ಯರಾ?"

"ಅಲ್ಲ!" ಎಂದು ಮೂವತ್ತು ಜನ ಕೂಗಿದರು.

"ಅಣ್ಣಾ, ನನ್ನ ಎಂಡ್ತಿ ಅಲ್ಲೇ ಅವ್ಳೆ..."

"ನೋಡಿ, ಹೆಂಡತಿ ನೆಪ ಹೇಳ್ತಾನೆ! ಯಾವ ಗಂಡಸಾದರೂ ಅತ್ತೆ ಮನೆ ಇರೋ ಊರಿಗೆ ಇಷ್ಟಪಟ್ಟು ಹೋಗ್ತಾನಾ?"

ಈ ಮಾತು ಎಲ್ಲರಿಗೂ ಸರಿಯೆನಿಸಿತು. ಅಷ್ಟರಲ್ಲಿ ಮುನಿಗಂಗಮ್ಮ ಒಳಗೆ ನುಗ್ಗಿ ಟ್ರಂಕಿನ ಮೇಲೆ ಕೂತುಬಿಟ್ಟಳು. ಅವಳು ಒಮ್ಮೆ ಕೂತರೆ ಎಬ್ಬಿಸಲು ಅವಳ ಗಂಡನಿಗೇ ಇಪ್ಪತ್ತು ವರ್ಷದಲ್ಲಿ ಸಾಧ್ಯವಾಗಿರಲಿಲ್ಲ.

"ನಾನು ಏಳಾಕಿಲ್ಲ. ಇದ್ನ ಯಾವನು ಎತ್ಕೊಂಡೋಗ್ತಾನೋ ನೋಡ್ತೀನಿ!"

ಪಂಚೆ ಹೋದರೆ ಹೋಗಲಿ ಎಂದುಕೊಂಡ ಸೊಣ್ಣಪ್ಪ. ಬಚ್ಚಲಿಗೆ ಹೋಗಿ ಬರುತ್ತೇನೆಂದು ಹೇಳಿ, ಹಿಂದಿನ ತಟ್ಟಿ ಸರಿಸಿ, ಕಾಗದವೊಂದನ್ನೇ ಎದೆಗೆ ಒತ್ತಿಕೊಂಡು ಮಾರಿಕುಪ್ಪಂ ಸ್ಟೇಷನ್ನಿಗೆ ಓಡಿದ. ಎಂಟೂವರೆಯ ರೈಲು ನಿಂತಿತ್ತು. ಬಂಗಾರಪೇಟೆಯ ಸಂತೆಗೆ ಹೊರಟ ತರಕಾರಿಯವರ ಮಧ್ಯೆ, ಎರಡು ಬದನೆಕಾಯಿ ಬುಟ್ಟಿಗಳ ನಡುವೆ ನುಸುಳಿ ಕೂತ. ಇನ್ನೊಂದು ಗಂಟೆಯಲ್ಲಿ ಮಗಳ ಮುಖ ನೋಡುತ್ತೇನೆ ಎಂದು ನೆನೆದ ಕೂಡಲೆ ಮತ್ತೆ ಕಣ್ಣು ತುಂಬಿತು.

ಐದು ನಿಮಿಷವಾಯಿತು, ಹತ್ತಾಯಿತು. ರೈಲು ಕದಲಲಿಲ್ಲ. ಬುಟ್ಟಿಯ ಒಡತಿ ಚಿಕ್ಕವೆಂಕಟಮ್ಮ ಕಿಟಕಿಯಿಂದ ತಲೆ ಹಾಕಿ ನೋಡಿದಳು.

"ಇಂಜಿನ್ನು ಮುಂದೆ ಐನೂರು ಜನ ಕೂತವ್ರೆ. ಅದ್ಯಾರೋ ಸೊಣ್ಣಪ್ಪ ಅನ್ನೋನ್ನ ಹಿಡ್ಕಂಡು ಓಗ್ತಾವ್ರಂತೆ. ಅವನು ಇಳಿಯೋಗಂಟ ಗಾಡಿ ಬಿಡಾಕಿಲ್ವಂತೆ."

ಸೊಣ್ಣಪ್ಪ ಬುಟ್ಟಿಯ ಹಿಂದೆ ಇನ್ನಷ್ಟು ಕುಗ್ಗಿದ. ಚಿಕ್ಕವೆಂಕಟಮ್ಮನ ಕಣ್ಣು ನಿಧಾನವಾಗಿ ಅವನ ಮೇಲೆ ಬಂತು.

"ನೀನೇ ಏನಪ್ಪಾ ಸೊಣ್ಣಪ್ಪ?"

"ಅಮ್ಮಾ, ನಿನ್ ಕಾಲಿಗೆ ಬೀಳ್ತೀನಿ, ಹೇಳ್ಬೇಡ. ನಾನು ಎಂಡ್ತಿ ಮಗೀನ ತಾವ ಓಗ್ಬೇಕು."

"ನೀನು ಓದ್ರೆ ನನ್ನ ಬದನೇಕಾಯಿ ಓಗಲ್ವಲ್ಲಪ್ಪಾ!" ಎಂದು ಅವಳು ರಟ್ಟೆ ಹಿಡಿದು ಎತ್ತಿದಳು. "ಲೇ, ಇಲ್ಲವ್ನೆ ಬನ್ರೋ!"

ಅವನನ್ನು ಇಳಿಸಿದ್ದೇ ತಡ, ಜನ ಹೆಗಲ ಮೇಲೆ ಹೊತ್ತುಕೊಂಡರು. ಹೂವಿನ ಹಾರವೊಂದು ಎಲ್ಲಿಂದಲೋ ಬಂದು ಕೊರಳಿಗೆ ಬಿತ್ತು. ಹಗಲು ಪಾಳಿಯವರು ಗಣಿಗಿಳಿಯದೆ ಮೆರವಣಿಗೆ ಸೇರಿದರು. ಕಂಪನಿಯ ಆಫೀಸಿನ ಮುಂದೆ ತಲುಪುವಷ್ಟರಲ್ಲಿ ಮೂರು ಸಾವಿರ ಜನ ಮೂರು ಭಾಷೆಯಲ್ಲಿ ಅವನನ್ನು ಎಲ್ಲಿಗೂ ಕಳಿಸಕೂಡದೆಂದು ಕೂಗುತ್ತಿದ್ದರು. ಅಷ್ಟು ಜನರ ಪ್ರೀತಿಯನ್ನು ಕಂಡು ಸೊಣ್ಣಪ್ಪನಿಗೆ ನಿಜವಾಗಿ ಎದೆ ತುಂಬಿತು. ಅದೇ ಪ್ರೀತಿಯನ್ನು ಒಂದು ಕೋಲು ತಗೊಂಡು ಅಟ್ಟಬೇಕೆಂದೂ ಅನ್ನಿಸಿತು.

ಹೆಗಲ ಮೇಲೆ ಕೂತೇ ಅವನಿಗೊಂದು ಉಪಾಯ ಹೊಳೆಯಿತು. ಇವರೆಲ್ಲ ಕಾಪಾಡುತ್ತಿರುವುದು ಕಾರ್ಯದರ್ಶಿಯನ್ನು. ತಾನು ಕಾರ್ಯದರ್ಶಿಯೇ ಅಲ್ಲದಿದ್ದರೆ? ಬರೀ ಮರ ಎಣಿಸುವ ಸೊಣ್ಣಪ್ಪ ಎಲ್ಲಿಗೆ ಹೋದರೆ ಯಾರಿಗೇನು?

"ಅಣ್ಣಾ, ನಾನೊಬ್ನೇ ಒಳಗೋಗಿ ಮಾತಾಡ್ಕೊಂಡು ಬತ್ತೀನಿ," ಎಂದ.

"ಸಿಂಹದ ಗುಹೆಗೆ ಒಬ್ಬನೇ ಹೋಗ್ತಾನೆ!" ಎಂದು ಕುಪ್ಪುಸ್ವಾಮಿ ಕಣ್ಣೊರೆಸಿಕೊಂಡ.

ಒಳಗೆ ಕಂಪನಿಯ ಇಂಗ್ಲಿಷ್ ದೊರೆ ಕಿಟಕಿಯ ಪರದೆ ಸರಿಸಿ ಹೊರಗೆ ನೋಡುತ್ತಾ ನಿಂತಿದ್ದ. ಪಕ್ಕದಲ್ಲಿ ದೊರೆಯ ಮಾತನ್ನು ಕನ್ನಡಕ್ಕೆ ತಿರುಗಿಸುವ ಹೆಡ್ ಗುಮಾಸ್ತ ಶ್ರೀನಿವಾಸಪ್ಪ. ಸೊಣ್ಣಪ್ಪ ಕೈಮುಗಿದು ಒಂದು ಹಾಳೆ ಕೇಳಿ ಪಡೆದು, 'ಸಂಘದ ಕಾರ್ಯದರ್ಶಿ ಕೆಲಸಕ್ಕೆ ಈ ಗಳಿಗೆಯಿಂದ ರಾಜೀನಾಮೆ ಕೊಟ್ಟಿದ್ದೇನೆ' ಎಂದು ಬರೆದು ರುಜು ಹಾಕಿ ಮೇಜಿನ ಮೇಲಿಟ್ಟ.

ಶ್ರೀನಿವಾಸಪ್ಪನ ಮುಖ ಅರಳಿತು. ಅವನು ಇಂಗ್ಲಿಷಿನಲ್ಲಿ ಏನೋ ಹೇಳಿದ. ದೊರೆಯ ಮುಖವೂ ಅರಳಿತು. ದೊರೆ ತಾನೇ ಮುಂದೆ ಬಂದು ಸೊಣ್ಣಪ್ಪನ ಕೈ ಕುಲುಕಿ, ಅವನ ಇನ್ನೊಂದು ಕೈಯಲ್ಲಿದ್ದ ವರ್ಗದ ಕಾಗದವನ್ನು ಮೆಲ್ಲಗೆ ಬಿಡಿಸಿಕೊಂಡು ಪರಪರನೆ ಹರಿದು ಬುಟ್ಟಿಗೆ ಹಾಕಿದ.

"ಸ್ವಾಮೀ! ಅದ್ಯಾಕೆ ಹರಿದ್ರು?"

"ಸಂಘ ಬಿಟ್ಟ ಮೇಲೆ ನಿನಗೆ ಶಿಕ್ಷೆ ಯಾಕಯ್ಯಾ?" ಎಂದ ಶ್ರೀನಿವಾಸಪ್ಪ. "ಕಾರ್ಯದರ್ಶಿ ಅಂತಲ್ಲವೆ ನಿನ್ನ ಅಲ್ಲಿಗೆ ದಬ್ಬಿದ್ದು. ಇನ್ನು ನೀನು ನಮ್ಮೋನು. ಇಲ್ಲೇ ಸುಖವಾಗಿರು."

ಸೊಣ್ಣಪ್ಪನಿಗೆ ನೆಲ ಅದುರಿದಂತಾಯಿತು; ಗಣಿಯೊಳಗೆ ಅಂದು ಒಂದು ನರಪಿಳ್ಳೆಯೂ ಇರಲಿಲ್ಲ. "ಮತ್ತೆ ನನ್ನ ಹನ್ನೊಂದು ಅರ್ಜಿ?"

"ಯಾವ ಅರ್ಜಿ?"

ಅವನಿಗೆ ಎಲ್ಲವೂ ಅರ್ಥವಾಯಿತು. ಹನ್ನೊಂದು ಅರ್ಜಿಯಿಂದ ಆಗದ ಕೆಲಸವನ್ನು ಒಂದು ತಿಂಗಳ ಪುಂಡತನ ಮಾಡಿಸಿತ್ತು. ಹಾಗಾದರೆ ಮತ್ತೆ ಪುಂಡನಾಗುವುದೇ ದಾರಿ. ಅವನು ಮೇಜಿನ ಮೇಲಿದ್ದ ರಾಜೀನಾಮೆಗೆ ಕೈ ಹಾಕಿ, ಶ್ರೀನಿವಾಸಪ್ಪ ಕಸಿದುಕೊಳ್ಳುವ ಮುಂಚೆ ಅದನ್ನು ಉಂಡೆ ಮಾಡಿ ಬಾಯಿಗಿಟ್ಟು ನುಂಗಿಬಿಟ್ಟ.

"ಈಗ ನಾನು ಮತ್ತೆ ಕಾರ್ಯದರ್ಶಿ! ಹೇಳಿ ಸ್ವಾಮಿ ದೊರೆಗೆ, ನಾನು ಬಾಳಾ ಕೆಟ್ಟೋನು. ನನ್ನ ವರ್ಗ ಮಾಡಿ!"

ದೊರೆಗೆ ಭಾಷೆ ತಿಳಿಯಲಿಲ್ಲ. ಕಾಗದ ತಿನ್ನುವ ಮನುಷ್ಯನನ್ನು ಕಂಡು ಕುರ್ಚಿಯ ಹಿಂದೆ ಸರಿದ. ತನ್ನ ಕೆಟ್ಟತನ ಸಾಲದೇನೋ ಎಂದುಕೊಂಡ ಸೊಣ್ಣಪ್ಪ ಮೇಜು ಗುದ್ದಿ, ಎದೆಯಲ್ಲಿದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದ: "ಸಂಘಕ್ಕೆ ಜಯವಾಗ್ಲಿ!"

ಹೊರಗಿನ ಮೂರು ಸಾವಿರ ಜನ ಇದನ್ನೇ ಕಾಯುತ್ತಿದ್ದಂತಿತ್ತು. "ಜಯವಾಗಲಿ!" ಎಂದು ಮೊಳಗಿದ್ದಕ್ಕೆ ಕಿಟಕಿಯ ಗಾಜು ಗಡಗಡ ಅಂದಿತು, ಗೇಟು ಕಿರುಗುಟ್ಟಿ ಒಂದು ಕಡೆ ಕಳಚಿತು. ದೊರೆ ಬಿಳಿಚಿಕೊಂಡು ಶ್ರೀನಿವಾಸಪ್ಪನಿಗೆ ಏನೋ ಕೂಗಿ ಹೇಳಿದ. ಗುಮಾಸ್ತ ನಿಂತಲ್ಲೇ ಗೀಚಿದ. ದೊರೆ ರುಜು ಹಾಕಿದ. ಸೀಲೂ ಬಿತ್ತು.

"ತಗೊಳ್ಳಪ್ಪಾ ಮಹರಾಯಾ, ನೀನೇ ಗೆದ್ದೆ," ಎಂದು ಶ್ರೀನಿವಾಸಪ್ಪ ಬೆವರೊರೆಸಿಕೊಳ್ಳುತ್ತಾ ಓದಿ ಹೇಳಿದ. "ಇನ್ನು ಮೇಲೆ ಸಂಘದ ಯಾವ ಮುಂದಾಳುವನ್ನೂ ಸಂಘದ ಒಪ್ಪಿಗೆಯಿಲ್ಲದೆ ವರ್ಗ ಮಾಡುವುದಿಲ್ಲ. ಸೊಣ್ಣಪ್ಪನನ್ನಂತೂ ಎಂದೆಂದಿಗೂ ಇಲ್ಲ."

"ಸ್ವಾಮಿ, ನಂಗೆ ಬೇಕಾದ್ದು ಅದಲ್ಲ..."

ಬಾಗಿಲು ತೆರೆದು ನುಗ್ಗಿದ ಕುಪ್ಪುಸ್ವಾಮಿ ಕಾಗದ ಕಿತ್ತುಕೊಂಡು ಜನರಿಗೆ ಎತ್ತಿ ತೋರಿಸಿದ. ಒಂದು ವರ್ಷ ಹತ್ತಾರು ಜನ ಕೇಳಿ ಸಿಗದದ್ದನ್ನು ಸೊಣ್ಣಪ್ಪ ಕಾಲು ಗಂಟೆಯಲ್ಲಿ ಒಬ್ಬನೇ ತಂದಿದ್ದ. ಅಲ್ಲೇ ಮೈದಾನದಲ್ಲಿ ಸಭೆ ಸೇರಿ, ಅವನು ಬದುಕಿರುವವರೆಗೂ ಅವನೇ ಕಾರ್ಯದರ್ಶಿ ಎಂದು ಮೂರು ಭಾಷೆಯಲ್ಲೂ ತೀರ್ಮಾನವಾಯಿತು. ಸೊಣ್ಣಪ್ಪ ಕೂತಲ್ಲೇ ಅತ್ತ. ಅವನಿಗೆ ಸಂತೋಷವಾದರೆ ಅಳು ಬರುತ್ತದೆಂದು ಈಗ ಎಲ್ಲರೂ ತಿಳಿದುಕೊಂಡರು. ಚಪ್ಪಾಳೆ ಇನ್ನೂ ಜೋರಾಯಿತು.

ಸಂಜೆ ಆರು ಗಂಟೆಗೆ ಖಾಲಿ ಬುಟ್ಟಿಯೊಂದಿಗೆ ಚಿಕ್ಕವೆಂಕಟಮ್ಮ ಅವನ ಮನೆ ಹುಡುಕಿಕೊಂಡು ಬಂದಳು. ಬೆಳಿಗ್ಗೆ ರಟ್ಟೆ ಹಿಡಿದು ಇಳಿಸಿದ್ದಕ್ಕೆ ಅವಳಿಗೆ ಮನಸ್ಸು ಚುರುಕ್ಕೆಂದಿತ್ತಂತೆ.

"ನೀನು ಎಂಡ್ತಿ ಮಗು ಅಂತಿದ್ಯಲ್ಲಪ್ಪಾ, ಅದುಕ್ಕೆ ಸಂತೇಲಿ ವಿಚಾರಿಸ್ಕಂಡು ಅವಳ ಮನೇಗೇ ಓಗಿದ್ದೆ. ಆದ್ರೆ ನನಗಿಂತ ಮುಂಚೆ ಸುದ್ದಿ ಓಗ್ಬಿಟ್ಟಿತ್ತು. ಕಂಪನಿಯೋರು ಬಂಗಾರಪೇಟೆಗೆ ಆಕಿದ್ರೆ, 'ಅಲ್ಲಿಗೆ ಓಗಾಕಿಲ್ಲ' ಅಂತ ನೀನು ಮೂರು ಸಾವ್ರ ಜನಾನ ಕಟ್ಕಂಡು ದೊರೆ ಮ್ಯಾಲೇ ಜಗಳಕ್ಕೋಗಿ ಗೆದ್ಯಂತೆ."

ಸೊಣ್ಣಪ್ಪ ದಡಕ್ಕನೆ ಎದ್ದು ಕೇಳಿದ. "ಅವ್ಳೇನಂದ್ಲು?"

ಚಿಕ್ಕವೆಂಕಟಮ್ಮ ಬುಟ್ಟಿಯನ್ನು ಸೊಂಟದ ಈ ಬದಿಯಿಂದ ಆ ಬದಿಗೆ ಬದಲಾಯಿಸಿದಳು.

"ಅಷ್ಟು ಕಷ್ಟಪಟ್ಟು ಇಲ್ಲಿಗೆ ಬರದೆ ಇರೋನು ಭಾನುವಾರ ಮಾತ್ರ ಯಾಕೆ ಬರ್ಬೇಕು, ಅದೂ ಬ್ಯಾಡ ಅಂತ ಯೋಳು ಅಂದ್ಲು."