ಸರ್ಕಾರಿ ಗೋಡೆ, ಖಾಸಗಿ ಹಲ್ಲು

೧೯೬೧ರ ಜೂನ್ ತಿಂಗಳಲ್ಲಿ, ಒಂಟಿಕೊಪ್ಪಲಿನ ಮಂದಬುದ್ಧಿಯವರ ಆಶ್ರಯಧಾಮದ ಉತ್ತರ ದಿಕ್ಕಿನ ಗೋಡೆಗೆ ಕಾಯಿಲೆಯಾಯಿತು. ಮಹದೇವು ಎಂಬ ಇಪ್ಪತ್ತಾರು ವರ್ಷದ ನಿವಾಸಿ ದಿನವೂ ಅದಕ್ಕೆ ತಲೆ ಚಚ್ಚಿಕೊಳ್ಳುತ್ತಿದ್ದುದರಿಂದ ಗಾರೆ ಉದುರಿತ್ತು. ಡಾಕ್ಟರ್ ಕೃಷ್ಣಸ್ವಾಮಿಯವರು ಬಂದು ಗೋಡೆಯನ್ನು ತಟ್ಟಿ, ಬಿರುಕನ್ನು ಅಳೆದು, ದಿನಕ್ಕೆ ಮೂರು ಶಾಂತಿಮಾತ್ರೆ ಬರೆದರು. ಗೋಡೆಗೆ ಬಾಯಿಲ್ಲದ ಕಾರಣ ಮಾತ್ರೆಯನ್ನು ಮಹದೇವು ನುಂಗತಕ್ಕದ್ದೆಂದು ಆದೇಶವಾಯಿತು.

ಹದಿನೈದು ದಿನದಲ್ಲಿ ಗೋಡೆ ಚೇತರಿಸಿಕೊಂಡಿತು. ಮಹದೇವು ಜೊಲ್ಲು ಸುರಿಸುತ್ತ ಮೂಲೆಯಲ್ಲಿ ಬಿದ್ದಿರುತ್ತಿದ್ದ. ಅದನ್ನು ಬರೆಯಲು ವರದಿಯಲ್ಲಿ ಕಾಲಂ ಇರಲಿಲ್ಲ.

ಕಡಕೊಳದಿಂದ ಅವನ ತಾಯಿ ಚೆಲುವಮ್ಮ ಬಂದಳು. ಮಗನ ಕೆನ್ನೆ ಊದಿರುವುದನ್ನು ಕಂಡು, ಬಾಯಿ ತೆರೆಸಿ ನೋಡಿ, ನೆಟ್ಟಗೆ ಸೂಪರಿಂಟೆಂಡೆಂಟ್ ಗುರುಸಿದ್ದಯ್ಯನವರ ಮೇಜಿನ ಮುಂದೆ ನಿಂತಳು.

"ದವಡೆಹಲ್ಲು ಕೊಳ್ತೋಗದೆ ಬುದ್ಧಿ. ಮಾತು ಬರಲ್ಲ ಅವನ್ಗೆ, ಅದಕ್ಕೇ ತಲೆ ಚಚ್ಕೊಂತಾನೆ. ಮಾತ್ರೆ ಬುಟ್ಟು ಹಲ್ಲು ಕೀಳ್ಸಿ."

"ಗೋಡೆ ಸರ್ಕಾರದ್ದು ಕಣಮ್ಮ. ಹಲ್ಲು ಖಾಸಗಿ ಸ್ವತ್ತು. ಖಾಸಗಿ ಸ್ವತ್ತಿನ ರಿಪೇರಿ ನಾವು ಮಾಡಿಸೋ ಹಾಗಿಲ್ಲ."

"ನಾನೇ ಕರ್ಕೊಂಡೋಗಿ ಕೀಳ್ಸ್ಕೊಂಡ್ ಬತ್ತೀನಿ."

"ಮಾತ್ರೆ ನುಂಗೋನನ್ನೇ ಹೊರಗೆ ಕಳಿಸಿಬಿಟ್ರೆ ಗೋಡೆ ಗತಿ ಏನಮ್ಮ?"

"ನಿಮ್ಗೆ ಹಲ್ಲುನೋವು ಬಂದ್ರೆ ಏನ್ ಮಾಡೀರಿ ಬುದ್ಧಿ?"

"ರಜೆ ಹಾಕ್ತೀನಿ."

ಆದರೂ ಗುರುಸಿದ್ದಯ್ಯನವರು ಕಲ್ಲುಮನಸ್ಸಿನವರಲ್ಲ. ನಿಯಮಾವಳಿ ತಿರುವಿ ಒಂದು ದಾರಿ ಹುಡುಕಿದರು: ಹಲ್ಲಿನಿಂದಲೇ ಸರ್ಕಾರಿ ವಸ್ತುವಿಗೆ ಹಾನಿಯಾದಲ್ಲಿ ಹಲ್ಲನ್ನು ವಿಚಾರಣೆಗೆ ತೆಗೆದುಕೊಳ್ಳಬಹುದು. ಕೂಡಲೇ ಇಬ್ಬರು ಜವಾನರು ಅವರ ಮೇಜನ್ನು ಹೊತ್ತೊಯ್ದು, ಅದರ ಅಂಚನ್ನು ಮಹದೇವುವಿನ ಬಾಯಿಗೆ ಹಿಡಿದರು.

"ಕಚ್ಚಪ್ಪಾ," ಎಂದರು ಸೂಪರಿಂಟೆಂಡೆಂಟರು, ವಿನಯದಿಂದ.

ಮಹದೇವು ಗೊರಕೆ ಹೊಡೆದ. ಮಾತ್ರೆ ಅಷ್ಟು ಒಳ್ಳೆಯದು.

ಜವಾನರ ಕೈ ಸೋಲತೊಡಗಿತು. ಚೆಲುವಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತಾನೇ ಬಗ್ಗಿ ಮೇಜನ್ನು ಕಚ್ಚಿದಳು. ಐದು ಹಲ್ಲಿನ ಗುರುತು ಸ್ಪಷ್ಟವಾಗಿ ಮೂಡಿತು. ಗುರುಸಿದ್ದಯ್ಯನವರು ಅದನ್ನು ಮಗನ ಹೆಸರಿನಲ್ಲಿ ದಾಖಲಿಸಿ, ಕಣ್ಣಾರೆ ಕಂಡಿದ್ದೇನೆಂದು ಸಹಿ ಹಾಕಿದರು.

ಡಾಕ್ಟರು ಬಂದರು. ಭೂತಗನ್ನಡಿ ಹಿಡಿದು ಮೇಜನ್ನು ಪರೀಕ್ಷಿಸಿದರು, ಮರುಕದಿಂದ ಸವರಿದರು, ಮಾತ್ರೆಯನ್ನು ಆರಕ್ಕೆ ಏರಿಸಿದರು.

"ಹಲ್ಲು, ಬುದ್ಧಿ?" ಎಂದಳು ಚೆಲುವಮ್ಮ.

"ಮೊದಲು ಮೇಜಿಗೆ ವಾಸಿಯಾಗಲಮ್ಮ."

ನ್ಯಾಯವಾದ ಮಾತು. ಜವಾನರೂ ತಲೆಯಾಡಿಸಿದರು. ಚೆಲುವಮ್ಮ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಬೇಗ ವಾಸಿಯಾಗಲೆಂದು ಮೇಜಿನ ಗಾಯವನ್ನು ನೀವುತ್ತ ಕುಳಿತಳು.