ತುಳಸಿಗೆ ಹೆದರಿದ ಪ್ರಭು

ಇನ್ನೊಬ್ಬರು ಬರೆದ ಕತೆಯನ್ನು ಇದ್ದದ್ದು ಇದ್ದ ಹಾಗೆ ಹೇಳುವುದು ನನ್ನಿಂದ ಎಂದೂ ಆಗಿಲ್ಲ. ಉಪ್ಪು ಖಾರ ಹಚ್ಚುವವರು ಬಹಳ ಮಂದಿ; ನಾನು ಬೇಡದ್ದನ್ನು ತೆಗೆದೂ ಬಿಡುತ್ತೇನೆ. ಈ ಚಾಳಿಯಿಂದ ತಿರುವನಂತಪುರದ ಒಂದು ಚಿತ್ರಮಂದಿರದಲ್ಲಿ, ಹೆಂಡತಿಯ ಪಕ್ಕದಲ್ಲಿ ಕೂತು ಬೆವತದ್ದುಂಟು.

ಐವತ್ತರ ದಶಕದ ಕೊನೆ. ಕೇಂದ್ರ ಸರ್ಕಾರದ ಗುಮಾಸ್ತನಾಗಿ ಕೊಚ್ಚಿಯಲ್ಲಿದ್ದವನಿಗೆ ತಿರುವನಂತಪುರಕ್ಕೆ ವರ್ಗವಾಗಿತ್ತು. ಹೊಸದಾಗಿ ಮದುವೆಯಾಗಿ ನಂಜನಗೂಡಿನಿಂದ ಬಂದ ಪದ್ಮಳಿಗೆ ಮಲಯಾಳ ಬಾರದು. ಕನ್ನಡಕ್ಕೆ ನಾನೊಬ್ಬನೇ ಗತಿ. ಸಂಜೆ ಕಾಫಿ ಹಿಡಿದು ಜಗಲಿಯಲ್ಲಿ ಕೂತರೆ ನಾನು ಓದಿದ ಇಂಗ್ಲಿಷ್ ಕಾದಂಬರಿ ಹೇಳಬೇಕು. ಸತ್ತೂ ಸಾಯದೆ ಜನರ ರಕ್ತ ಹೀರುವ ಒಬ್ಬ ಪ್ರಭುವಿನ ಕತೆಯನ್ನು ಒಂದು ತಿಂಗಳು ಎಳೆದೆ. ಆ ಸಂಜೆಗಳನ್ನು ನೆನೆದರೆ ಈಗಲೂ ಸುಖವಾಗುತ್ತದೆ. ನನ್ನನ್ನು ಅಷ್ಟು ದೊಡ್ಡ ವಿದ್ವಾಂಸನೆಂದು ಆಮೇಲೆ ಯಾರೂ ನಂಬಲಿಲ್ಲ.

ತೊಡಕು ಒಂದೇ. ಆ ಪ್ರಭು ಹೆದರುವುದು ಬೆಳ್ಳುಳ್ಳಿಗೆ. ನಮ್ಮಿಬ್ಬರ ಮನೆತನದಲ್ಲೂ ಬೆಳ್ಳುಳ್ಳಿ ಹೊಸಿಲು ದಾಟಿದ್ದಿಲ್ಲ. ಅದು ಒಂದು ಹುಡುಗಿಯ ಪ್ರಾಣ ಕಾಯುತ್ತದೆ ಎನ್ನಲು ನಾಲಿಗೆ ಏಳದೆ, ಅವಳ ಕೊರಳಿಗೆ ತುಳಸಿಮಾಲೆ ಹಾಕಿಸಿದೆ. ಪದ್ಮ ಕೈಮುಗಿದಳು.

ಅಷ್ಟರಲ್ಲಿ ಆ ಕಾದಂಬರಿಯ ಹೊಸ ಬಣ್ಣದ ಚಿತ್ರ ಊರಿಗೆ ಬಂತು. ಕೊಚ್ಚಿಯಲ್ಲಿ ಬ್ರಹ್ಮಚಾರಿಯಾಗಿದ್ದಾಗ ಹಳೆಯ ಕಪ್ಪು-ಬಿಳುಪಿನದನ್ನು ನೋಡಿದ್ದೆ. ಅದರಲ್ಲಿ ಪ್ರಭು ಕೋರೆಹಲ್ಲನ್ನೇ ತೋರಿಸದೆ ಮರ್ಯಾದೆಯಿಂದ ಕೊಲ್ಲುತ್ತಿದ್ದ. ಇದೂ ಹಾಗೇ ಇರಬಹುದೆಂದು ಪದ್ಮಳನ್ನು ಮ್ಯಾಟಿನಿಗೆ ಕರೆದೊಯ್ದೆ. ಇಲ್ಲಿ ಹಡಗಿನ ಪ್ರಯಾಣವನ್ನೇ ಹಾರಿಸಿದ್ದರು, ಯಾರು ಯಾರಿಗೆ ಏನಾಗಬೇಕು ಎಂಬುದೂ ಅದಲುಬದಲು. ಕಾದಂಬರಿಗೆ ಇಷ್ಟು ಅನ್ಯಾಯವೇ ಎಂದು ನಾನು ಗೊಣಗುತ್ತಿರುವಾಗಲೇ ಹುಡುಗಿಯ ಕೋಣೆ ತುಂಬ ಬೆಳ್ಳುಳ್ಳಿ ಹೂವಿಡಿಸಿದರು. ಬದಲಾಯಿಸಬೇಕಾದ ಒಂದನ್ನು ಮಾತ್ರ ಪುಣ್ಯಾತ್ಮರು ಬದಲಾಯಿಸಿರಲಿಲ್ಲ. ಹೈಸ್ಕೂಲು ಓದಿದ ಪದ್ಮಳಿಗೆ ಗಾರ್ಲಿಕ್ ಎಂಬ ಇಂಗ್ಲಿಷ್ ಪದ ಗೊತ್ತಿತ್ತು. ಒಮ್ಮೆ ನನ್ನ ಕಡೆ ತಿರುಗಿ ನೋಡಿದಳು.

ತಂಪಾನೂರಿನಲ್ಲಿ ಬಸ್ಸು ಹಿಡಿಯಲು ನಡೆಯುತ್ತ ತಡೆಯಲಾರದೆ ನಾನೇ ಒಪ್ಪಿಕೊಂಡೆ. ಮಡಿಯ ಮನೆಯವಳು, ಏನೆಂದುಕೊಳ್ಳುವೆಯೋ ಎಂದು ಅಂಜಿ ತುಳಸಿ ಅಂದೆ. ಇನ್ನು ನನ್ನ ಬಾಯಿಂದ ಕತೆ ಕೇಳುವುದಿಲ್ಲವೇನೋ ಎಂದೆ.

"ಯಾಕೆ ಕೇಳಲ್ಲ? ಅದಕ್ಕಿಂತ ನಿಮ್ಮದೇ ಚೆನ್ನಾಗಿತ್ತು" ಎಂದಳು. ನನ್ನ ಎದೆ ಹಗುರಾಯಿತು. "ಆದ್ರೆ ಆ ಹೆಸರು ಹೇಳೋಕೆ ಅಷ್ಟು ಹೆದರಿಕೆ ಯಾಕೆ ಅಂತೀನಿ. ಆಫೀಸಿನ ಪಕ್ಕ ಆ ಮಲಯಾಳಿ ಚೇಟ್ಟನ ತಿಂಡಿ ಅಂಗಡೀಲಿ ದಿನಾ ಪುಟ್ಟು, ಬೆಳ್ಳುಳ್ಳಿ ಹಾಕಿದ ಕಡಲೆಕರಿ ತಿಂದು ಬರ್ತೀರಲ್ಲ. ನಿಮ್ಮ ಕರ್ಚೀಫು ಒಗೆಯೋಳು ನಾನು ತಾನೆ?"

ಕತೆ ಕೇಳುವಾಗ ಅವಳು ಯಾವಾಗಲೂ ನನ್ನಿಂದ ಒಂದು ಮಾರು ದೂರ ಕೂರುತ್ತಿದ್ದಳು. ಹೊಸ ಹೆಣ್ಣಿನ ನಾಚಿಕೆ ಎಂದುಕೊಂಡಿದ್ದೆ.