ಮಂಚಯ್ಯ ಕಾರಿಗೆ ಚಳಿ ಬಿಡಿಸಿದ್ದು

"ಈ ಮಾಗೀಲಿ ನನ್ ಕಾರಿನ ಬೆನ್ನಿಗೆ ಒಬ್ಬನೇ ಒಬ್ಬ ಕೈ ಇಟ್ಟು ತಳ್ಳಿದ್ರೆ, ಸ್ಟೇರಿಂಗ್ ಬುಟ್ಬುಟ್ಟು ಎಮ್ಮೆ ಹಗ್ಗ ಹಿಡೀತೀನಿ! ಬರ್ಕೊಳ್ರಲಾ!"

ಮಂಚಯ್ಯ ಹೀಗೆ ಊರ ಮುಂದೆ ನಿಂತು ಘೋಷಿಸಿದ. ಕೇಳಿಸಿಕೊಂಡವರಲ್ಲಿ ಮೇಲಿನ ಬೀದಿಯ ಪುಟ್ಟರಾಜುವೂ ಇದ್ದ. ಅವನು ಬರೆದುಕೊಳ್ಳುವ ಗೋಜಿಗೆ ಹೋಗಲಿಲ್ಲ. ಇಂಥದ್ದೆಲ್ಲ ಅವನಿಗೆ ಬಾಯಿಪಾಠ.

ನುಗ್ಗೇಹಳ್ಳಿಗೆ ಎರಡು ಮೈಲಿ ದೂರದ ಆ ಊರಿನಲ್ಲಿ ಇದ್ದದ್ದು ಒಂದೇ ಕಾರು. ಅದೂ ಕೇರಿಯಲ್ಲಿ! ಸಕಲೇಶಪುರದ ಕಡೆ ಕಾಫಿ ತೋಟದ ದೊರೆಗೆ ಇಪ್ಪತ್ತು ವರ್ಷ ಡ್ರೈವರ್ ಆಗಿದ್ದ ಮಂಚಯ್ಯನಿಗೆ, ದೊರೆ ಹಡಗು ಹತ್ತುವಾಗ ಕೊಟ್ಟು ಹೋದದ್ದು. ಬೇಸಿಗೆಯಲ್ಲಿ ಅದು ಕುದುರೆ. ಮಾಗಿ ಬಂತೆಂದರೆ ಕತ್ತೆ. ಬೆಳಗ್ಗೆ ಎದ್ದು ನಾಲ್ಕು ಜನ ತಳ್ಳದಿದ್ದರೆ ಕೆಮ್ಮುವುದೂ ಇಲ್ಲ. ಮಂಚಯ್ಯನ ನೆರಳು ಬಿದ್ದರೆ ಮಾರು ದೂರ ಸರಿಯುವ ಮೇಲಿನ ಬೀದಿಯವರು ಆ ಕಾರಿನ ಬೆನ್ನಿಗೆ ಮಾತ್ರ ಎರಡೂ ಕೈ ಒತ್ತಿ, ಎದೆ ಒತ್ತಿ ತಳ್ಳುತ್ತಿದ್ದರು. ಕಾರಿಗೆ ಯಾವ ಮೈಲಿಗೆ! ತಳ್ಳಿದ ಮೇಲೆ ಒಂದು ವಾರ ಆಡಿಕೊಳ್ಳುತ್ತಿದ್ದರು. ಪುಟ್ಟರಾಜು ಎರಡು ವಾರ.

ಈ ಸಲ ವಿಷಯ ದೊಡ್ಡದಿತ್ತು. ಮಂಚಯ್ಯನ ಮಗಳು ಪ್ರೇಮಕುಮಾರಿ ಆ ಕೇರಿಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ಮೊದಲ ಹುಡುಗಿ. ಸ್ಕೂಲ್ ಮೇಡಂ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಸೋಮವಾರ ಬೆಳಗ್ಗೆ ಹತ್ತಕ್ಕೆ ಹಾಸನದಲ್ಲಿ ಇಂಟರ್‌ವ್ಯೂ. ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲವೆಂದು ಕಾಗದದಲ್ಲೇ ಅಚ್ಚಾಗಿತ್ತು.

"ಏಳೂವರೆ ಬಸ್ಸಿಗೆ ಓಗಾನ ಕಣ, ಸುಮ್ಕೆ," ಎಂದಳು ಹೆಂಡತಿ ಬೆಟ್ಟಮ್ಮ.

"ಮನೆ ಮುಂದೆ ಕಾರ್ ಮಡಿಕ್ಕಂಡು ಬಸ್ಸಿಗೆ ಓಗದಾ? ನನ್ ಮಗಳು ಮೇಡಮ್ಮು! ಕಾರಲ್ಲೇ ಇಳೀಬೇಕು."

"ಇಳಿಯೋಕೆ ಮೊದ್ಲು ಅದು ಒಲ್ಡಬೇಕಲ್ಲ."

ಹೊರಡಿಸುವ ವಿದ್ಯೆ ಕಲಿಯಲು ಮಂಚಯ್ಯ ಚನ್ನರಾಯಪಟ್ಟಣಕ್ಕೆ ಹೋಗಿ ಮೆಕ್ಯಾನಿಕ್ ನಂಜಯ್ಯನ ಮುಂದೆ ಕುಕ್ಕರಗಾಲಲ್ಲಿ ಕೂತ. ನಂಜಯ್ಯ ಬೀಡಿ ಹಚ್ಚಿ ಉಪದೇಶ ಮಾಡಿದ:

"ಹಳೇ ಕಾರು ಅಂದ್ರೆ ಬಾಣಂತಿ ಇದ್ದಂಗೆ ಕಣ್ಲಾ, ಚಳಿ ತಾಕುಸ್ಬಾರ್ದು. ಸಂಜೆ ರೇಡಿಯೇಟರ್ ನೀರೆಲ್ಲ ಬಸ್ದುಬುಡು. ಬ್ಯಾಟ್ರಿ ಬಿಚ್ಚಿ ಒಲೆ ಪಕ್ಕ ಬೆಚ್ಚಗಿಡು. ಬೆಳಗ್ಗೆ ಕಾದ ನೀರು ಉಯ್ಯಿ. ಮೂತಿಗೊಂದು ಗೋಣಿ ಕಟ್ಟು. ಹ್ಯಾಂಡಲ್ ತಿರುಗುಸ್ವಾಗ ಹೆಬ್ಬೆಟ್ಟು ಮಿಕ್ಕ ಬೆರಳ ಜತೆಗೇ ಇರ್ಲಿ, ಅದು ತಿರುಗಿ ಒದ್ರೆ ಕೈ ಮುರೀತದೆ. ಇಂಜಿನ್ ಬಿಸಿಯಾದ್ಮೇಲೆ ಗೋಣಿ ಬಿಚ್ಚು. ಮರೀಬ್ಯಾಡ, ಬಿಚ್ಚು!"

ಭಾನುವಾರ ಸಂಜೆಯೇ ನೀರು ಬಸಿದದ್ದಾಯಿತು. ಬ್ಯಾಟರಿ ಒಳಗೆ ಬಂತು. ಒಲೆ ಪಕ್ಕ ಇಟ್ಟರೆ ಸಾಲದೆಂದು ಮಂಚಯ್ಯ ಅದಕ್ಕೆ ಮನೆಯ ಒಂದೇ ಕಂಬಳಿ ಹೊದಿಸಿದ.

"ಬ್ಯಾಟ್ರಿಗೆ ಕಂಬಳಿ, ನಂಗೆ ಹಳೇ ಸೀರೆ!" ಬೆಟ್ಟಮ್ಮ ಸೊಂಟದ ಮೇಲೆ ಕೈ ಇಟ್ಟಳು. "ನನ್ ಬದ್ಲು ಇದನ್ನೇ ಕಟ್ಕಬೋದಾಗಿತ್ತು ನೀನು."

"ಇದು ಎದುರು ಮಾತಾಡಾಕಿಲ್ಲ ಕಣಮ್ಮಿ, ಆಗ ಗೊತ್ತಾಗ್ಲಿಲ್ಲ."

ಬೆಳಗ್ಗೆ ಎದ್ದರೆ ಎದುರು ಮನೆಯೂ ಕಾಣದಂಥ ಮಂಜು. ಬೆಟ್ಟಮ್ಮ ಕೋಳಿ ಕೂಗುವಾಗಲೇ ಎದ್ದು ಹುರುಳಿ ಬೇಯಿಸಿ, ಸಂಜೆಯ ಸಾರಿಗೆಂದು ಕಟ್ಟು ಬಸಿದು ಒಲೆಯ ಮೇಲಿಟ್ಟಿದ್ದಳು. ಪಕ್ಕದಲ್ಲೇ ಕಾರಿನ ಬಿಸಿನೀರು. ಎರಡೂ ಮಸಿ ಹಿಡಿದ ಮಡಕೆ, ಎರಡರಲ್ಲೂ ಹಬೆ. ಅವಳು ನಡುಮನೆಯಲ್ಲಿ ಮಗಳಿಗೆ ಜಡೆ ಹಾಕುತ್ತಾ ಕೂತಿದ್ದಾಗ ಮಂಚಯ್ಯ ಒಳಗೆ ಬಂದು, ಕೈಗೆ ಹತ್ತಿರವಿದ್ದ ಮಡಕೆ ಎತ್ತಿಕೊಂಡು ಹೊರಟ. ಬೆಟ್ಟಮ್ಮನ ಎರಡು ಕೈಯಲ್ಲೂ ಜಡೆ, ಹಲ್ಲಿನಲ್ಲಿ ರಿಬ್ಬನ್ನು. ಹಲ್ಲು ಕಚ್ಚಿಕೊಂಡೇ ಕೂಗಿದಳು:

"ಅದು ಕಟ್ಟು!"

"ಕಟ್ಟಿದೀನಿ ಕಣಮ್ಮಿ!" ಹೊರಗಿನಿಂದ ಉತ್ತರ ಬಂತು.

"ಅಯ್ಯೋ, ಕಟ್ಟು! ಕಟ್ಟು!"

ಇಷ್ಟು ಒತ್ತಿ ಹೇಳುತ್ತಿದ್ದಾಳಲ್ಲ, ಒಂದು ಸಾಲದೇನೋ ಎಂದು ಮಂಚಯ್ಯ ಕಾರಿನ ಮೂತಿಗೆ ಇನ್ನೊಂದು ಗೋಣಿಯನ್ನೂ ಬಿಗಿದ. ಮಡಕೆಯಲ್ಲಿದ್ದದ್ದನ್ನು ಮಂಜಿನಲ್ಲೇ ರೇಡಿಯೇಟರಿಗೆ ಬಗ್ಗಿಸಿದ. ಕಾರು ಗಟಗಟ ಕುಡಿಯಿತು. ಬ್ಯಾಟರಿ ಕೂರಿಸಿ, ಚೋಕ್ ಎಳೆದು, ಹೆಬ್ಬೆರಳು ಜೋಪಾನ ಮಾಡಿ ಹ್ಯಾಂಡಲ್ ತಿರುಗಿಸಿದ. ಒಂದು. ಎರಡು. ಮೂರನೆಯದಕ್ಕೆ ಭರ್ರೋ ಎಂದಿತು! ಯಾರೂ ತಳ್ಳಿಲ್ಲ! ಮಂಚಯ್ಯ ಮೇಲಿನ ಬೀದಿಯಲ್ಲಿ ಎರಡು ಸುತ್ತು ಹೊಡೆದು, ಪುಟ್ಟರಾಜುವಿನ ಮನೆ ಮುಂದೆ ಹಾರನ್ನು ಒತ್ತಿ ಹಿಡಿದ.

ಅಷ್ಟರಲ್ಲಿ ಬೆಟ್ಟಮ್ಮ ಅಂಗಳದಲ್ಲಿ ಬಿದ್ದಿದ್ದ ಖಾಲಿ ಮಡಕೆ ನೋಡಿದಳು. ಕಟ್ಟೆಂದು ಅಷ್ಟು ಕೂಗಿ ಹೇಳಿದ ಮೇಲೆ ಕಾರಿಗಂತೂ ಹಾಕಿರಲಾರ, ಚಳಿಗೆ ಅಷ್ಟನ್ನೂ ತಾನೇ ಕುಡಿದಿದ್ದಾನೆಂದು ತೀರ್ಮಾನಿಸಿದಳು. ಮಗಳ ಇಂಟರ್‌ವ್ಯೂ ದಿನ ಜಗಳ ಬೇಡವೆಂದು ಬಾಯಿ ಬಿಗಿದು ಹಿಂದಿನ ಸೀಟಿನಲ್ಲಿ ಕೂತಳು. ಆ ಬಿಗಿ ಚನ್ನರಾಯಪಟ್ಟಣದವರೆಗೆ ಬಂತು.

"ಏನವ್ವ ಇದು, ಗಮ್ ಅಂತೈತೆ?" ಎಂದಳು ಪ್ರೇಮಕುಮಾರಿ.

"ಕುಡ್ದಿರೋರ್ನ ಕೇಳು."

ಮಂಚಯ್ಯ ಬೆಚ್ಚಿದ. "ನಾನ್ ಬುಟ್ಟು ಮೂರ್ ವರ್ಷ ಆಯ್ತು!"

"ಒಂದ್ ಮಡಕೆ ಖಾಲಿ ಮಾಡಿ ಮ್ಯಾಲೆ ಸುಳ್ಳು ಬ್ಯಾರೆ!"

"ಮಡಕೆನಾ? ನಿನ್ ತಲೆ ಮ್ಯಾಲೆ ಕೈ ಇಟ್ಟು ಆಣೆ ಮಾಡ್ತೀನಿ..."

"ಕೈ ಸ್ಟೇರಿಂಗ್ ಮ್ಯಾಲಿರ್ಲಿ!"

ಬಿಸಿಲು ಬಂತು. ಗೋಣಿ ಬಿಚ್ಚಬೇಕೆಂಬುದು ಮಂಚಯ್ಯನಿಗೆ ನೆನಪಿತ್ತು. ಆದರೆ ಬಿಚ್ಚಲು ನಿಲ್ಲಿಸಬೇಕು, ನಿಲ್ಲಿಸಿದರೆ ಮತ್ತೆ ಹೊರಡುತ್ತದೆಂಬ ಖಾತರಿಯಿಲ್ಲ. ಒಂದೇ ಉಸಿರಿಗೆ ಹಾಸನ ಸೇರಿಬಿಡೋಣ ಎಂದು ಬಿಟ್ಟ.

ಕಾರು ಶಾಂತಿ ಕಳೆದುಕೊಂಡದ್ದು ಶಾಂತಿಗ್ರಾಮದಲ್ಲಿ. ಬಾನೆಟ್ಟಿನ ಸಂದುಗಳಿಂದ ಹೊಗೆ ಎದ್ದು, ಒಳಗೆ ಮುದ್ದೆ ಕುದಿಯುವ ಸದ್ದಾಗಿ, ರಸ್ತೆಗೆ ಅಡ್ಡಡ್ಡ ನಿಂತುಬಿಟ್ಟಿತು. ಎದುರಿಗೇ ಪಂಚಾಕ್ಷರಯ್ಯನ ಕಾಫಿ ಹೋಟ್ಲು. ಕೇರಿಯವರಿಗೆಂದು ಹೊರಗಿನ ಗೂಟಕ್ಕೆ ಬೇರೆ ಲೋಟ ನೇತುಹಾಕಿದ್ದ ಮನುಷ್ಯ. ಹೊಗೆ ಕಂಡು ಬಂದವನು, ಆ ದಾರಿಯಲ್ಲಿ ಓಡಾಡುವ ಮಂಚಯ್ಯನ ಗುರುತು ಹಿಡಿದು, ತನ್ನ ಲೆಕ್ಕದ ಮಾರು ದೂರದಲ್ಲೇ ನಿಂತ.

"ಮುಚ್ಚಳ ತೆಗೀಲಾ ಮಂಚ, ಉಸಿರಾಡ್ಲಿ!"

ಮಂಚಯ್ಯ ಟವಲ್ಲು ಸುತ್ತಿ ಮುಚ್ಚಳ ತಿರುವಿ ಪಕ್ಕಕ್ಕೆ ಹಾರಿದ. ಕಾರಂಜಿ ಎದ್ದಿತು! ಆಳೆತ್ತರ ಎದ್ದು, ಗಾಳಿಯಲ್ಲಿ ಹನಿಯೊಡೆದು, ಮಾರು ದೂರದ ಲೆಕ್ಕ ನೋಡದೆ ಪಂಚಾಕ್ಷರಯ್ಯನ ಅಂಗಿ, ಮೀಸೆ ಎಲ್ಲ ಸಿಂಪಡಿಸಿತು. ಪಂಚಾಕ್ಷರಯ್ಯ ಅಭ್ಯಾಸಬಲದಿಂದ ಮೀಸೆ ನೆಕ್ಕಿದ.

"ಹುರುಳಿ ಕಟ್ಟು!" ಎಂದ ಚಕಿತನಾಗಿ. "ಉಪ್ಪು ಒಂಚೂರು ಕಮ್ಮಿ."

ಅದು ಯಾರ ಮನೆಯ ಕಟ್ಟೆಂಬುದು ಆಮೇಲೆ ಹೊಳೆಯಿತು. ನಾಲಿಗೆ ಹೊರಗೇ ಉಳಿಯಿತು.

"ಒಗ್ಗರಣೇನೂ ಬಿದ್ದಿಲ್ಲ ಸ್ವಾಮಿ," ಎಂದಳು ಬೆಟ್ಟಮ್ಮ. ತಕ್ಷಣ ಗಂಡನ ಕಡೆ ತಿರುಗಿದಳು. "ಕಾರಿಗೆ ಉಯ್ದಾ? ಕಟ್ಟು ಕಟ್ಟು ಅಂತ ಬಡ್ಕಂಡೆನಲ್ಲ!"

"ನಾನೂ ಕಟ್ಟಿದೆನಲ್ಲ! ಎರಡು ಗೋಣಿ!"

"ಅಪ್ಪಯ್ಯ, ಒಂಬತ್ತಾಗೈತೆ," ಎಂದಳು ಪ್ರೇಮಕುಮಾರಿ. ಹಾಸನ ಇನ್ನೂ ಒಂಬತ್ತು ಮೈಲಿ. ಮಂಚಯ್ಯನಿಗೆ ಆಗ ನಿಜವಾಗಿ ಚಳಿ ಹತ್ತಿತು.

ಅಷ್ಟು ಹೊತ್ತಿಗೆ ಹಿಂದಿನಿಂದ ಬಸ್ಸು ಬಂತು. ಬೆಟ್ಟಮ್ಮ ಹೇಳಿದ್ದ ಅದೇ ಏಳೂವರೆ ಬಸ್ಸು! ಅಡ್ಡ ನಿಂತ ಕಾರಿನ ಮುಂದೆ ಅದು ನಿಲ್ಲಲೇಬೇಕಾಯಿತು. ಕಂಡಕ್ಟರ್ ಬೈದ, ಡ್ರೈವರ್ ಬೈದ, ಕಡೆಗೆ ಇಪ್ಪತ್ತು ಜನ ಇಳಿದು ಕಾರಿನ ಬೆನ್ನಿಗೆ ಕೈ ಹಚ್ಚಿ ಐಸಾ ಎಂದು ಪಕ್ಕಕ್ಕೆ ತಳ್ಳಿದರು. ಎಲ್ಲರಿಗಿಂತ ಮುಂದೆ ಎದೆ ಒತ್ತಿ ತಳ್ಳಿದವನು ಸಂತೆಗೆ ಹೊರಟಿದ್ದ ಪುಟ್ಟರಾಜು.

"ಎಮ್ಮೆ ಹಗ್ಗ ನಾನೇ ಕೊಡ್ತೀನಿ ಕಣ್ಲಾ ಮಂಚ!" ಎಂದ ಕೈ ಒರೆಸಿಕೊಳ್ಳುತ್ತಾ. "ಎಮ್ಮೆ ಮಾತ್ರ ನಿಂದು."

ತಾಯಿ ಮಗಳು ಅದೇ ಬಸ್ಸು ಹತ್ತಿದರು. ಮಂಚಯ್ಯ ಗೋಣಿ ಬಿಚ್ಚಿ, ಕಾರು ಆರುವ ತನಕ ಕಾದು, ಬಸಿದಷ್ಟು ಬಸಿದು, ಬರೀ ನೀರು ಹಾಕಿಕೊಂಡು, ಹೋಟ್ಲಿನ ಗಿರಾಕಿಗಳಿಂದ ಇನ್ನೊಂದು ಸಲ ತಳ್ಳಿಸಿಕೊಂಡು ಊರು ಸೇರಿದಾಗ ಸಂಜೆ. ಅವರು ಆಗಲೇ ಬಂದಿದ್ದರು.

"ಏನಾಯ್ತವ್ವ?" ಹೊಸಿಲಲ್ಲೇ ನಿಂತು ಕೇಳಿದ.

"ಹತ್ತಕ್ಕೆ ಐದು ನಿಮಿಷ ಇತ್ತು, ಒಳಗೆ ಬುಟ್ರು," ಎಂದಳು ಪ್ರೇಮಕುಮಾರಿ. "ಒಂದೇ ಪದಕ್ಕೆ ಹಲವು ಅರ್ಥ ಇರೋದು ಒಂದು ಹೇಳು ಅಂದ್ರು. ಕಟ್ಟು ಅಂದೆ."

"ಆಮೇಲೆ?"

"ಗೋಣಿ ಕಟ್ಟೋದು, ಹೆಂಡ್ತೀನ ಕಟ್ಕೊಳ್ಳೋದು, ಹುರುಳಿ ಕಟ್ಟು ಅಂತ ನೆನ್ನೆಯಿಂದ ನಡೆದಿದ್ದೇ ಹೇಳ್ದೆ. ಸಾಹೇಬ್ರು ಕಣ್ಣಲ್ಲಿ ನೀರು ಬರಂಗೆ ನಕ್ರು. ಒಂದನೇ ತಾರೀಕಿಂದ ಕೆಲ್ಸಕ್ಕೆ ಬಾ ಅಂದ್ರು."

ಮಂಚಯ್ಯನ ಎದೆ ಮತ್ತೆ ಉಬ್ಬಿತು. "ನೋಡ್ದಾ ಬೆಟ್ಟಿ! ಕೆಲ್ಸ ಕೊಡ್ಸಿದ್ದು ನನ್ ಕಾರೇ! ಅಲ್ದೆ ರೇಡಿಯೇಟರು ಎರಡು ವರ್ಸದಿಂದ ಸೋರ್ತಿತ್ತಲ್ಲ, ಆ ತೂತೂ ಕಟ್ಟೋಗೈತೆ. ನಾಳೆ ನಂಜಯ್ಯಂಗೇ ನಾನು ಪಾಠ ಏಳ್ತೀನಿ!"

ಹೀಗೆಂದು ಗಂಗಳದ ಮುಂದೆ ಕೂತ. ಬೆಟ್ಟಮ್ಮ ಬಿಸಿ ಮುದ್ದೆ ತಂದು ನಡುವಿಗೆ ಇಟ್ಟಳು. ಮಂಚಯ್ಯ ಮುದ್ದೆ ಮುರಿದು ಗುಳಿ ಮಾಡಿಕೊಂಡು ಕಾದ. ಕಾದೇ ಕಾದ.

"ಸಾರು ಎಲ್ಲಮ್ಮಿ?"

ಬೆಟ್ಟಮ್ಮ ಸೌಟು ತಂದು ಅವನ ಕೈಗೆ ಕೊಟ್ಟಳು.

"ಕಾರಲ್ಲೈತೆ. ಮುಚ್ಚಳ ತೆಗ್ದು ಬಡುಸ್ಕೊ."